ಆ ಮಾತ್ರೆ ಪುಡಿ ಮಾಡಿ ಕೊಡಬಹುದಾ?

ಹೋದ ಸಲ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವರ ಕಷ್ಟಸುಖ ಬರೆದಿದ್ದೆ. ಅದಕ್ಕೆ ಬಂದ ಪ್ರತಿಕ್ರಿಯೆಗಳಲ್ಲಿ ಒಬ್ಬ ಓದುಗರು ನೇರವಾಗಿಯೇ ಕೇಳಿದ್ದರು: ‘ಐಟಿಯವರು ಐಟಿಯವರ ಗೋಳನ್ನೇ ಎಷ್ಟು ದಿನ ಬರೀತೀರಿ? ಫಾರ್ಮ್ ಡಿ ಮಾಡಿದ ನಾವೂ ಇದ್ದೀವಿ ಸ್ವಾಮಿ.’

ನ್ಯಾಯವಾದ ಮಾತು. ನನಗೂ ಈ ವಿಷಯ ಹೊರಗಿನದಲ್ಲ. ನನ್ನ ತಂಗಿ ಫಾರ್ಮ್ ಡಿ ಮುಗಿಸಿ, ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಔಷಧ ಮಾಹಿತಿ ಕೇಂದ್ರದಲ್ಲಿ ಕೆಲಸ ಮಾಡ್ತಿದ್ದಾಳೆ. ನಾಲ್ಕು ವರ್ಷ ಆಯ್ತು. ಈಗ ಬೆಂಗಳೂರಿನ ಒಂದು ಕಂಪನಿಯಿಂದ ಅವಳಿಗೆ ಆಫರ್ ಬಂದಿದೆ, ಸಂಬಳ ಈಗಿನದರ ಎರಡು ಪಟ್ಟಿನ ಹತ್ತಿರ. ಹೋಗಬೇಕಾ, ಬೇಡವಾ ಅಂತ ಮೂರು ವಾರದಿಂದ ಮನೆಯಲ್ಲಿ ಚರ್ಚೆ ನಡೀತಿದೆ. ಅವಳನ್ನು ಕೇಳಿಯೇ ಇದನ್ನು ಬರೀತಿದ್ದೀನಿ. ಆಸ್ಪತ್ರೆ ಹೆಸರಾಗಲಿ, ಅವಳ ಹೆಸರಾಗಲಿ ಬರಬಾರದು ಅನ್ನೋದು ಅವಳ ಷರತ್ತು.

ಮೊದಲು ಈ ಕೆಲಸ ಏನು ಅಂತ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ನೆಂಟರಿಗೆ ಇನ್ನೂ ಗೊತ್ತಾಗಿಲ್ಲ. ಮದುವೆ ಮನೆಯಲ್ಲಿ ಸಿಕ್ಕಿದವರೆಲ್ಲ ಕೇಳೋದು ಒಂದೇ: ‘ಏನಮ್ಮಾ, ಮೆಡಿಕಲ್ ಶಾಪ್ ಯಾವಾಗ ಹಾಕ್ತೀಯಾ?’ ಅಮ್ಮನೂ ‘ಡಾಕ್ಟರ್‌ಗೆ ಔಷಧಿ ಹೇಳಿಕೊಡೋ ಕೆಲಸ’ ಅಂತ ಒಂದು ವ್ಯಾಖ್ಯಾನ ಮಾಡಿಕೊಂಡಿದ್ದಾಳೆ. ವಿಚಿತ್ರ ಅಂದ್ರೆ, ಎಲ್ಲರಿಗಿಂತ ಹತ್ತಿರ ಬಂದಿರೋದು ಅಮ್ಮನೇ.

ಆಸ್ಪತ್ರೆಯ ಫಾರ್ಮಸಿ ಪಕ್ಕದಲ್ಲಿ ಒಂದು ಸಣ್ಣ ರೂಮು. ಎರಡು ಟೇಬಲ್, ಒಂದು ಕಂಪ್ಯೂಟರ್, ಒಂದು ಇಂಟರ್‌ಕಾಮ್ ಫೋನ್, ದಪ್ಪನೆಯ ಒಂದಷ್ಟು ಪುಸ್ತಕ, ಒಂದು ರಿಜಿಸ್ಟರ್. ಫೋನ್ ಮಾಡುವವರು ವಾರ್ಡಿನ ಸಿಸ್ಟರ್, ಪಿಜಿ ಡಾಕ್ಟರ್, ಕೆಲವು ಸಲ ದೊಡ್ಡ ಡಾಕ್ಟರ್. ಔಷಧಿಯ ಬಗ್ಗೆ ಯಾರಿಗೆ ಏನೇ ಅನುಮಾನ ಬಂದರೂ ಆ ಫೋನ್ ರಿಂಗಾಗುತ್ತೆ. ಉತ್ತರ ಹುಡುಕಿ, ತೂಗಿ, ಆ ಪೇಷಂಟ್‌ಗೆ ಅದು ಹೊಂದುತ್ತಾ ನೋಡಿ, ಹೇಳಬೇಕು. ಯಾವ ಆಧಾರದ ಮೇಲೆ ಹೇಳಿದೆ ಅಂತ ಬರೆದಿಡಬೇಕು.

ಅತಿ ಹೆಚ್ಚು ಬರೋ ಪ್ರಶ್ನೆಗಳಲ್ಲಿ ಒಂದು ಈ ಬರಹದ ತಲೆಬರಹ. ಮೂಗಿನಲ್ಲಿ ನಳಿಗೆ ಹಾಕಿ ಊಟ ಕೊಡ್ತಿರೋ ಪೇಷಂಟ್‌ಗೆ ಮಾತ್ರೆ ನುಂಗೋಕೆ ಆಗಲ್ಲ. ಪುಡಿ ಮಾಡಿ ನೀರಲ್ಲಿ ಕಲಸಿ ನಳಿಗೆಯಲ್ಲಿ ಬಿಡಬಹುದಾ? ಕೇಳೋಕೆ ಸುಲಭದ ಪ್ರಶ್ನೆ. ಆದರೆ ಕೆಲವು ಮಾತ್ರೆಗಳನ್ನು ಇಡೀ ದಿನ ನಿಧಾನವಾಗಿ ಔಷಧಿ ಬಿಡುವ ಹಾಗೆ ಮಾಡಿರ್ತಾರೆ. ಅದನ್ನು ಕುಟ್ಟಿ ಪುಡಿ ಮಾಡಿದರೆ ದಿನದ ಔಷಧಿಯೆಲ್ಲ ಒಂದೇ ಸಲ ಹೊಟ್ಟೆಗೆ ಇಳಿಯುತ್ತೆ. ಗ್ಯಾಸ್ಟ್ರಿಕ್‌ಗೆ ನಾವೆಲ್ಲ ನುಂಗೋ ಪ್ಯಾಂಟೊಪ್ರಜೋಲ್ ಮಾತ್ರೆಗೆ ಹೊಟ್ಟೆಯ ಆಸಿಡ್ ತಾಗದ ಹಾಗೆ ಮೇಲೊಂದು ಲೇಪ ಇರುತ್ತೆ. ಪುಡಿ ಮಾಡಿದರೆ ಕರುಳು ತಲುಪುವ ಮೊದಲೇ ಔಷಧಿ ಹಾಳಾಗುತ್ತೆ. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್ ಅನ್ನು ನಳಿಗೆಯ ಆಹಾರದ ಜೊತೆಗೇ ಕೊಟ್ಟರೆ ರಕ್ತಕ್ಕೆ ಸೇರೋ ಪ್ರಮಾಣ ಇಳಿದುಹೋಗುತ್ತೆ, ಮುಂದೆ ಹಿಂದೆ ಆಹಾರ ನಿಲ್ಲಿಸಬೇಕು. ಅಂದ್ರೆ ‘ಕೊಡಬಹುದಾ’ ಅನ್ನೋದಕ್ಕೆ ‘ಕೊಡಿ’ ಅಥವಾ ‘ಬೇಡ’ ಅಷ್ಟೇ ಉತ್ತರ ಆಗಲ್ಲ. ಬೇಡ ಅಂದಮೇಲೆ ಬದಲಿಗೆ ಏನು ಅಂತಲೂ ಹೇಳಬೇಕು. ಸಿಸ್ಟರ್ ಕೈಯಲ್ಲಿ ಮಾತ್ರೆ ಹಿಡಿದುಕೊಂಡು ಕಾಯ್ತಿರ್ತಾರೆ.

ಈ ಕೆಲಸಕ್ಕೆ ಹುಟ್ಟಿದ ಊರು, ವರ್ಷ ಎರಡೂ ಇದೆ. 1962ರಲ್ಲಿ ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮೊದಲ ಔಷಧ ಮಾಹಿತಿ ಕೇಂದ್ರ ಶುರುವಾಯ್ತು. ಆ ವರ್ಷಕ್ಕೆ ಒಂದು ಹಿನ್ನೆಲೆ ಇದೆ. ಗರ್ಭಿಣಿಯರು ವಾಂತಿಗೆ, ನಿದ್ದೆಗೆ ಅಂತ ತಗೊಂಡ ಥಾಲಿಡೊಮೈಡ್‌ನಿಂದ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿ, 1961ರ ಕೊನೆಗೆ ಜರ್ಮನಿಯಲ್ಲಿ ಅದನ್ನು ಮಾರುಕಟ್ಟೆಯಿಂದ ತೆಗೆದಿದ್ದರು. 1962ರಲ್ಲೇ ಅಮೆರಿಕ ಔಷಧಿ ಕಾನೂನನ್ನು ಬಿಗಿ ಮಾಡಿತು. ಹೊಸ ಔಷಧಿಗಳು ಸಾಲುಗಟ್ಟಿ ಬರ್ತಿದ್ದ ಕಾಲ. ಎಲ್ಲವನ್ನೂ ಒಬ್ಬ ಡಾಕ್ಟರ್ ತಲೆಯಲ್ಲಿ ಇಟ್ಟುಕೊಳ್ಳೋದು ಆಗದ ಮಾತು ಅಂತ ಎಲ್ಲರಿಗೂ ಕಾಣತೊಡಗಿತ್ತು.

ನಮ್ಮಲ್ಲಿ ಇದು ಬಂದಿದ್ದು 1990ರ ದಶಕದಲ್ಲಿ, ಅದರಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನವರು ಆಸ್ಪತ್ರೆಯ ವಾರ್ಡಿಗೇ ಫಾರ್ಮಸಿಸ್ಟ್‌ಗಳನ್ನು ಕಳಿಸೋಕೆ ಶುರು ಮಾಡಿದವರಲ್ಲಿ ಮೊದಲಿಗರು. ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್ 1997ರಲ್ಲಿ ತನ್ನದೇ ಔಷಧ ಮಾಹಿತಿ ಕೇಂದ್ರ ತೆರೆಯಿತು. ಆಮೇಲೆ 2008ರಲ್ಲಿ ದೇಶದಲ್ಲಿ ಆರು ವರ್ಷದ ಫಾರ್ಮ್ ಡಿ ಕೋರ್ಸ್ ಬಂತು: ಐದು ವರ್ಷ ಓದು, ಒಂದು ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮೆಡಿಕಲ್ ಶಾಪ್ ಇಡೋಕೆ ಎರಡು ವರ್ಷದ ಡಿ ಫಾರ್ಮ್ ಸಾಕು. ನನ್ನ ತಂಗಿ ಆರು ವರ್ಷ ಓದಿದಳು. ನಾನು ನಾಲ್ಕು ವರ್ಷದ ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದಾಗ ಸಿಕ್ಕ ಮೊದಲ ಸಂಬಳ, ಅವಳು ಆರು ವರ್ಷ ಓದಿ ನಾಲ್ಕು ವರ್ಷ ದುಡಿದಮೇಲೆ ಈಗ ತಗೊಳ್ತಿರೋದಕ್ಕಿಂತ ಜಾಸ್ತಿ ಇತ್ತು. ಇದನ್ನು ಇಲ್ಲೇ ಹೇಳಿಬಿಡೋದು ವಾಸಿ, ಯಾಕಂದ್ರೆ ಮುಂದಿನದೆಲ್ಲ ಇದರ ನೆರಳಲ್ಲೇ ಇದೆ.

ಅವಳ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಪ್ರಶ್ನೆಗೆ ಪ್ರಶ್ನೆ ಕೇಳುವ ಪದ್ಧತಿ. 1975ರಲ್ಲಿ ವತಾನಬೆ ಮತ್ತು ಸಂಗಡಿಗರು ಅಮೆರಿಕದ ಒಂದು ಫಾರ್ಮಸಿ ಪತ್ರಿಕೆಯಲ್ಲಿ ಇದನ್ನು ಹೆಜ್ಜೆ ಹೆಜ್ಜೆಯಾಗಿ ಬರೆದಿಟ್ಟರು. ಇವತ್ತಿಗೂ ಫಾರ್ಮ್ ಡಿ ಮಕ್ಕಳು ಅದನ್ನೇ ಸ್ವಲ್ಪ ತಿದ್ದಿದ ರೂಪದಲ್ಲಿ ಕಲೀತಾರೆ. ಯಾರು ಕೇಳ್ತಿದ್ದಾರೆ, ಯಾಕೆ ಕೇಳ್ತಿದ್ದಾರೆ, ಪೇಷಂಟ್‌ನ ವಯಸ್ಸು, ತೂಕ, ಕಿಡ್ನಿ ಹೇಗಿದೆ, ಬೇರೆ ಏನು ಔಷಧಿ ನಡೀತಿದೆ, ಇವೆಲ್ಲ ಕೇಳಿದಮೇಲೆ ನಿಜವಾದ ಪ್ರಶ್ನೆ ಯಾವುದು ಅಂತ ತೀರ್ಮಾನಿಸಬೇಕು. ಹುಡುಕಾಟ ಆಮೇಲೆ.

ಅವಳು ಹೇಳಿದ ಒಂದು ಉದಾಹರಣೆ. ಪಿಜಿ ಡಾಕ್ಟರೊಬ್ಬರು ಫೋನ್ ಮಾಡಿದರು: ‘ಮೆಟ್ರೋನಿಡಜೋಲ್ ಡೋಸ್ ಎಷ್ಟು?’ ಇದನ್ನು ಫೋನಿನಲ್ಲೇ ಹುಡುಕಬಹುದು, ಹತ್ತು ಸೆಕೆಂಡಿನ ಕೆಲಸ. ಇವಳು ಕೇಳಿದಳು: ‘ಪೇಷಂಟ್‌ಗೆ ಬೇರೆ ಏನೇನು ಹೋಗ್ತಿದೆ ಸರ್?’ ಅವರು ಪಟ್ಟಿ ಓದಿದರು. ಮೂರನೆಯದು ವಾರ್ಫರಿನ್. ಹೃದಯದ ಕವಾಟ ಬದಲಾಯಿಸಿದ ಪೇಷಂಟ್, ರಕ್ತ ಹೆಪ್ಪುಗಟ್ಟದಿರಲಿ ಅಂತ ಕೊಡೋ ಔಷಧಿ. ಮೆಟ್ರೋನಿಡಜೋಲ್ ಜೊತೆ ಸೇರಿದರೆ ವಾರ್ಫರಿನ್ ದೇಹದಿಂದ ಹೊರಹೋಗೋದು ನಿಧಾನವಾಗಿ, ರಕ್ತಸ್ರಾವದ ಅಪಾಯ ಏರುತ್ತೆ. ಅಲ್ಲಿಗೆ ಪ್ರಶ್ನೆ ಡೋಸ್‌ನದ್ದಲ್ಲ. ಬೇರೆ ಆ್ಯಂಟಿಬಯೋಟಿಕ್ ಇದೆಯಾ, ಇಲ್ಲದಿದ್ದರೆ ವಾರ್ಫರಿನ್ ಎಷ್ಟು ಇಳಿಸಬೇಕು, ಐಎನ್‌ಆರ್ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡಬೇಕು?

‘ಲಾಗಿನ್ ಆಗ್ತಿಲ್ಲ’ ಅಂತ ಒಂದು ಸಾಲಿನ ಟಿಕೆಟ್ ಹಾಕುವವರ ಜೊತೆ ಬದುಕುವ ನಮಗೆ ಇದು ಹೊಸದೇನಲ್ಲ. ಒಂದೇ ವ್ಯತ್ಯಾಸ, ನಮ್ಮಲ್ಲಿ ತಪ್ಪಾದರೆ ರೋಲ್‌ಬ್ಯಾಕ್ ಮಾಡ್ತೀವಿ.

ಇನ್ನೊಂದು ಕಥೆ ಹೇಳಲೇಬೇಕು, ಇದು ನನ್ನ ಅತಿ ಮೆಚ್ಚಿನದು.

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಟ್ಯಾಕ್ರೊಲಿಮಸ್ ಅಂತ ಒಂದು ಔಷಧಿ ಕೊಡ್ತಾರೆ. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಅಂತ. ರಕ್ತದಲ್ಲಿ ಅದರ ಪ್ರಮಾಣ ಸ್ವಲ್ಪ ಕಮ್ಮಿಯಾದರೆ ಕಿಡ್ನಿ ಹೋಗುತ್ತೆ, ಸ್ವಲ್ಪ ಜಾಸ್ತಿಯಾದರೂ ಅದೇ ಕಿಡ್ನಿಗೆ ಪೆಟ್ಟು. ಡಿಸ್ಚಾರ್ಜ್ ಆಗುವಾಗ ಕೊಡೋ ಸೂಚನೆಯಲ್ಲಿ ‘ಗ್ರೇಪ್‌ಫ್ರೂಟ್ ತಿನ್ನಬಾರದು’ ಅಂತ ಇರುತ್ತೆ.

ದೇವನಹಳ್ಳಿ ಕಡೆಯ ಒಬ್ಬ ಪೇಷಂಟ್‌ಗೆ ರಕ್ತದಲ್ಲಿ ಟ್ಯಾಕ್ರೊಲಿಮಸ್ ಪ್ರಮಾಣ ಏರಿಬಿಟ್ಟಿತ್ತು. ಡೋಸ್ ಬದಲಾಗಿಲ್ಲ, ಹೊಸ ಔಷಧಿ ಸೇರಿಲ್ಲ. ವಾರ್ಡಿನಿಂದ ಫೋನ್ ಬಂತು: ಯಾಕಿರಬಹುದು? ಇವಳು ವಾರ್ಡಿಗೇ ಹೋಗಿ, ಜೊತೆಗಿದ್ದ ಮಗನ ಹತ್ತಿರ ಮಾತಾಡಿದಳು. ಅವನು ಹೇಳಿದ, ‘ಚೀಟಿಯಲ್ಲಿ ಇದ್ದಹಾಗೇ ಮಾಡಿದೀವಿ ಮೇಡಂ, ದ್ರಾಕ್ಷಿ ಒಂದೂ ಮುಟ್ಟಿಸಿಲ್ಲ.’

ದ್ರಾಕ್ಷಿ! ಗ್ರೇಪ್ ಅಂದ್ರೆ ದ್ರಾಕ್ಷಿ, ಸರಿ ತಾನೇ? ಅವನ ತರ್ಕದಲ್ಲಿ ಏನು ತಪ್ಪಿದೆ? ಹಾಗಾದ್ರೆ ಬೇರೆ ಯಾವ ಹಣ್ಣು ತಿಂತಾರೆ ಅಂತ ಕೇಳಿದಳು. ಮನೆ ಹಿತ್ತಲಲ್ಲಿ ಮರ ಇದೆ, ದಿನಾ ಚಕ್ಕೋತ ಬಿಡಿಸಿ ಕೊಡ್ತೀವಿ ಅಂದ.

ಗ್ರೇಪ್‌ಫ್ರೂಟ್ ಅನ್ನೋದು ಚಕ್ಕೋತ ಮತ್ತು ಕಿತ್ತಳೆ ಜಾತಿ ಸೇರಿ ಹುಟ್ಟಿದ ಹಣ್ಣು. ಅಂದ್ರೆ ಚಕ್ಕೋತ ಅದರ ತಾಯಿಬೇರಿನ ಕಡೆಯದು. ಗ್ರೇಪ್‌ಫ್ರೂಟ್‌ನಲ್ಲಿ ತೊಂದರೆ ಕೊಡುವ ಫ್ಯುರಾನೊಕೌಮರಿನ್ ಅನ್ನೋ ಪದಾರ್ಥಗಳು ಚಕ್ಕೋತದಲ್ಲೂ ಇವೆ. ನಮ್ಮ ಕರುಳಿನ ಗೋಡೆಯಲ್ಲಿ ಔಷಧಿಯನ್ನು ಒಡೆಯೋ ಒಂದು ಕಿಣ್ವ ಇದೆ. ಈ ಪದಾರ್ಥ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತೆ. ಒಡೆಯದೇ ಉಳಿದ ಔಷಧಿ ರಕ್ತಕ್ಕೆ ಹೆಚ್ಚು ಸೇರುತ್ತೆ. ಪರಿಣಾಮ ಒಂದು ದಿನಕ್ಕಿಂತ ಹೆಚ್ಚೂ ಇರಬಹುದು, ಹಾಗಾಗಿ ಬೆಳಗ್ಗೆ ಹಣ್ಣು, ರಾತ್ರಿ ಮಾತ್ರೆ ಅಂತ ಮಾಡಿದರೂ ಪ್ರಯೋಜನ ಇಲ್ಲ.

ಅಂದಹಾಗೆ, ಇದು ಪತ್ತೆಯಾದ ಕಥೆಯೇ ಮಜವಾಗಿದೆ. ಕೆನಡಾದಲ್ಲಿ ಡೇವಿಡ್ ಬೇಲಿ ಅನ್ನೋ ಸಂಶೋಧಕ ಫೆಲೊಡಿಪಿನ್ ಎಂಬ ಬಿಪಿ ಮಾತ್ರೆಯ ಜೊತೆ ಮದ್ಯ ಸೇರಿದರೆ ಏನಾಗುತ್ತೆ ಅಂತ ಪರೀಕ್ಷಿಸ್ತಿದ್ದರು. ಮದ್ಯದ ರುಚಿ ಗೊತ್ತಾಗಬಾರದು ಅಂತ ಗ್ರೇಪ್‌ಫ್ರೂಟ್ ಜ್ಯೂಸಿನಲ್ಲಿ ಬೆರೆಸಿ ಕೊಟ್ಟರು. ಔಷಧಿಯ ಪ್ರಮಾಣ ಎಲ್ಲರಲ್ಲೂ ಲೆಕ್ಕ ಮೀರಿ ಏರಿತು. ಕಾರಣ ಮದ್ಯ ಅಲ್ಲ, ಜ್ಯೂಸು. 1989ರಲ್ಲಿ ಇದು ಮೊದಲು ಪ್ರಕಟವಾಯ್ತು.

ಈಗ ಆ ಆಸ್ಪತ್ರೆಯ ಸೂಚನಾ ಚೀಟಿಯಲ್ಲಿ ಕನ್ನಡದಲ್ಲೇ ಇದೆ: ‘ಚಕ್ಕೋತ ತಿನ್ನಬೇಡಿ. ದ್ರಾಕ್ಷಿ ತಿನ್ನಬಹುದು.’ ಈ ಎರಡು ವಾಕ್ಯ ನನ್ನ ತಂಗಿ ಬರೆದದ್ದು. ನಾನು ಎಂಟು ವರ್ಷದಲ್ಲಿ ಬರೆದ ಕೋಡ್‌ನಲ್ಲಿ ಇಷ್ಟು ಬೆಲೆಯ ಎರಡು ಸಾಲು ಹುಡುಕಬೇಕು.

(ಇದನ್ನು ಓದಿ ನಿಮ್ಮ ಮನೆಯಲ್ಲಿ ಯಾರದಾದರೂ ಮಾತ್ರೆ ನಿಲ್ಲಿಸೋಕೆ ಹೋಗಬೇಡಿ. ಅನುಮಾನ ಇದ್ದರೆ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಹತ್ತಿರ ಕೇಳಿ.)

ಇಷ್ಟು ಚೆಂದದ ಕೆಲಸ ಬಿಡೋ ಯೋಚನೆ ಯಾಕೆ ಬರಬೇಕು?

ಸಂಬಳ ಅನ್ನೋದು ಸುಲಭದ ಉತ್ತರ, ಸುಳ್ಳೂ ಅಲ್ಲ. ಎಜುಕೇಷನ್ ಲೋನ್ ಇನ್ನೂ ಇದೆ. ಆದರೆ ಒಂದು ಭಾನುವಾರ ಅವಳು ಊರಿಗೆ ಬಂದಿದ್ದಾಗ, ಚಿತ್ರಾನ್ನ ತಿಂತಾ ಕೂತು ಹೇಳಿದ್ದು ಬೇರೆಯೇ.

‘ಅಣ್ಣಾ, ನಾನು ಉತ್ತರ ಕೊಟ್ಟಮೇಲೆ ಆ ಪೇಷಂಟ್‌ಗೆ ಏನಾಯ್ತು ಅಂತ ನನಗೆ ಗೊತ್ತೇ ಆಗಲ್ಲ ಕಣೋ.’

‘ಫೋನ್ ಮಾಡಿ ಕೇಳೇ.’

‘ಕೇಳಬಹುದು. ಪಿಜಿಗಳು ಡ್ಯೂಟಿ ಬದಲಾಗಿರ್ತಾರೆ. ಸಿಸ್ಟರ್‌ಗೆ ಪುರುಸೊತ್ತಿರಲ್ಲ. ಪೇಷಂಟ್ ಡಿಸ್ಚಾರ್ಜ್ ಆಗಿರ್ತಾನೆ. ಚಕ್ಕೋತದ ಮನುಷ್ಯ ಅಪರೂಪ, ನಾನೇ ವಾರ್ಡಿಗೆ ಹೋಗಿದ್ದಕ್ಕೆ ಗೊತ್ತಾಯ್ತು. ಮಿಕ್ಕವರು ರಿಜಿಸ್ಟರ್‌ನಲ್ಲಿ ಒಂದು ನಂಬರ್ ಅಷ್ಟೇ.’

ನನಗೆ ಫ್ರೆಡರಿಕ್ ಹರ್ಜ್‌ಬರ್ಗ್ ನೆನಪಾದರು. ಮ್ಯಾನೇಜರ್ ಟ್ರೈನಿಂಗ್‌ಗೆ ಹೋದವರು ಈ ಹೆಸರು ಕೇಳಿರ್ತೀರಿ. ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಎಂಜಿನಿಯರ್ ಮತ್ತು ಅಕೌಂಟೆಂಟ್‌ಗಳನ್ನು ಮಾತಾಡಿಸಿ, 1959ರಲ್ಲಿ ಪುಸ್ತಕ ಬರೆದವರು. ಕೆಲಸದಲ್ಲಿ ಖುಷಿ ಕೊಡುವ ಸಂಗತಿಗಳೇ ಬೇರೆ, ಬೇಸರ ತರುವ ಸಂಗತಿಗಳೇ ಬೇರೆ ಅನ್ನೋದು ಅವರ ವಾದ. ಸಂಬಳ, ಮೇಲಿನವರು, ಸೌಕರ್ಯ, ನಿಯಮ ಇವೆಲ್ಲ ಕೆಟ್ಟದಾಗಿದ್ದರೆ ಬೇಸರ. ಸರಿಯಾಗಿದ್ದರೆ ಬೇಸರ ಇಲ್ಲ, ಅಷ್ಟೇ. ಖುಷಿ ಬರೋದು ಸಾಧಿಸಿದೆ ಅನ್ನೋ ಭಾವನೆಯಿಂದ, ಗುರುತಿಸಿದರು ಅನ್ನೋದರಿಂದ, ಕೆಲಸದ ಒಳಗಿನ ಸ್ವಾರಸ್ಯದಿಂದ. ಅವರ ವಿಧಾನದ ಬಗ್ಗೆ ಆಮೇಲೆ ಬೇಕಾದಷ್ಟು ಜಗಳ ಆಗಿದೆ. ಆದರೂ ಒಬ್ಬಳೇ ಮನುಷ್ಯಳಲ್ಲಿ ತುಂಬಾ ಖುಷಿ, ತುಂಬಾ ಬೇಸರ ಎರಡೂ ಒಟ್ಟಿಗೆ ಇರಬಹುದು ಅನ್ನೋದು ನಮ್ಮ ಮನೆಯಲ್ಲೇ ಕಾಣ್ತಿದೆ.

ಇನ್ನೊಂದು ಜೋಡಿ ಇದೆ, ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್. 1970ರ ದಶಕದಲ್ಲಿ ಅವರು ಕೆಲಸಕ್ಕೆ ಅರ್ಥ ಬರೋದು ಐದು ಗುಣಗಳಿಂದ ಅಂದರು. ಬಗೆಬಗೆಯ ಕೌಶಲ ಬೇಕಾಗೋದು, ಒಂದು ಕೆಲಸವನ್ನು ಮೊದಲಿಂದ ಕೊನೆವರೆಗೆ ಮಾಡೋದು, ಬೇರೆಯವರ ಬದುಕಿಗೆ ಅದು ಮುಖ್ಯವಾಗಿರೋದು, ಸ್ವಂತ ನಿರ್ಧಾರಕ್ಕೆ ಜಾಗ ಇರೋದು, ಫಲ ಏನಾಯ್ತು ಅಂತ ತಿಳಿಯೋದು. ನನ್ನ ತಂಗಿಯ ಕೆಲಸವನ್ನು ಇದರಲ್ಲಿಟ್ಟು ನೋಡಿ. ಮೊದಲನೆಯದು, ಮೂರನೆಯದು ಭರ್ತಿ. ಕೊನೆಯದು ಹತ್ತಿರ ಹತ್ತಿರ ಸೊನ್ನೆ.

ಇದಕ್ಕೆ ಕೆಲಸದ ಸ್ವಭಾವವೇ ಕಾರಣ. ಅವಳು ಸರಿಯಾಗಿ ಕೆಲಸ ಮಾಡಿದ ದಿನ ಏನೂ ಆಗಲ್ಲ. ಆಗಬೇಕಿದ್ದ ರಕ್ತಸ್ರಾವ ಆಗಲ್ಲ, ಬರಬೇಕಿದ್ದ ಫಿಟ್ಸ್ ಬರಲ್ಲ. ಆಗದೇ ಇದ್ದದ್ದನ್ನು ವರ್ಷದ ಕೊನೆಗೆ ಯಾವ ಎಕ್ಸೆಲ್ ಶೀಟಿನಲ್ಲಿ ತೋರಿಸ್ತೀರಿ? ಸರ್ವರ್ ಕಾಯುವ ನಮ್ಮ ಸ್ನೇಹಿತರ ಪಾಡೂ ಇದೇ. ಎಲ್ಲ ಸರಿಯಿದ್ದಾಗ ‘ಇವರಿಗೆ ಏನು ಕೆಲಸ’, ಕೆಟ್ಟಾಗ ‘ಇವರು ಏನು ಮಾಡ್ತಿದ್ರು’.

ಆದರೆ ಸರ್ವರ್ ಕಾಯುವವರಿಗೆ ಕನಿಷ್ಠ ಗ್ರಾಫ್ ಇದೆ. ಅದಕ್ಕೇ ನನಗೆ ಆ ವತಾನಬೆ ಪದ್ಧತಿಯ ಕಡೆಯ ಹೆಜ್ಜೆ ಅಂತ ಈಗ ಎಲ್ಲರೂ ಕಲಿಸೋ ‘ಫಾಲೋಅಪ್’ ಬರೀ ಪೇಷಂಟ್‌ನ ಸುರಕ್ಷತೆಗೆ ಅನಿಸಲ್ಲ, ಫಾರ್ಮಸಿಸ್ಟ್‌ನ ಮನಸ್ಸಿಗೂ ಅದು ಬೇಕು. ಕೊಟ್ಟ ಉತ್ತರಕ್ಕೆ ಏನಾಯ್ತು ಅಂತ ಮೂರು ದಿನ ಬಿಟ್ಟು ಕೇಳುವ ಹಕ್ಕು ಮತ್ತು ಸಮಯ ಅವರಿಗೆ ಇರಬೇಕು. ಹೆಚ್ಚಿನ ಕಡೆ ರಿಜಿಸ್ಟರ್‌ನಲ್ಲಿ ಆ ಕಾಲಂ ಇದೆ. ತುಂಬಿರಲ್ಲ.

ಎರಡನೆಯ ಬೇಸರ ಮೇಲೇರೋಕೆ ಏಣಿ ಇಲ್ಲದ್ದು. ನಮ್ಮಲ್ಲಿ ಈ ಕೇಂದ್ರಗಳು ಬಹುತೇಕ ಫಾರ್ಮಸಿ ಕಾಲೇಜಿಗೆ ಅಂಟಿಕೊಂಡಿವೆ. ಹಾಗಾಗಿ ಕಾಗದದ ಮೇಲೆ ನೀವು ಲೆಕ್ಚರರ್. ಫೋನ್ ಎತ್ತೋದು ಪಾಠ, ಪರೀಕ್ಷೆ, ಇನ್‌ಸ್ಪೆಕ್ಷನ್ ಮಧ್ಯೆ ಮಾಡೋ ಹೆಚ್ಚುವರಿ ಕೆಲಸ. 2021ರಲ್ಲಿ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳಿಗೆ ತಿದ್ದುಪಡಿ ಆದಾಗ ಕ್ಲಿನಿಕಲ್ ಫಾರ್ಮಸಿಸ್ಟ್, ಡ್ರಗ್ ಇನ್ಫರ್ಮೇಷನ್ ಫಾರ್ಮಸಿಸ್ಟ್ ಅನ್ನೋ ಹೆಸರುಗಳು ಅದರಲ್ಲಿ ಸೇರಿದವು. ಅವತ್ತು ತಂಗಿಯ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಹಬ್ಬ. ಆದರೆ ನಿಯಮದಲ್ಲಿ ಹೆಸರು ಬರೋದಕ್ಕೂ ಆಸ್ಪತ್ರೆಯ ಸಂಬಳದ ಪಟ್ಟಿಯಲ್ಲಿ ಹುದ್ದೆ ಬರೋದಕ್ಕೂ ನಡುವೆ ದೊಡ್ಡ ಹೊಳೆ ಇದೆ, ಸೇತುವೆ ಕಟ್ಟೋರು ಕಮ್ಮಿ. ಎನ್‌ಎಬಿಎಚ್ ಮಾನ್ಯತೆ ಬೇಕಾದ ಖಾಸಗಿ ಆಸ್ಪತ್ರೆಗಳು ಔಷಧಿ ನಿರ್ವಹಣೆಯ ಮಾನದಂಡ ಪೂರೈಸಬೇಕಾದ್ದರಿಂದ ಒಬ್ಬಿಬ್ಬರನ್ನು ತಗೊಳ್ತಾರೆ. ಅಲ್ಲಿ ಎಷ್ಟೋ ಸಲ ಕೆಲಸ ಆಡಿಟ್ ಫಾರಂ ತುಂಬೋದಕ್ಕೇ ಸೀಮಿತ.

ಈಗ ಆಫರ್ ವಿಷಯ. ಅದು ಫಾರ್ಮಕೋವಿಜಿಲೆನ್ಸ್ ಕೆಲಸ. ಔಷಧಿಯಿಂದ ಆದ ಅಡ್ಡಪರಿಣಾಮಗಳ ವರದಿ ಪ್ರಪಂಚದ ನಾನಾ ಕಡೆಯಿಂದ ಬರುತ್ತೆ. ಅದನ್ನು ಓದಿ, ನಿಗದಿತ ಸಂಕೇತ ಪದಗಳಿಗೆ ಇಳಿಸಿ, ಘಟನೆಯನ್ನು ಕ್ರಮವಾಗಿ ಬರೆದು, ಗಡುವಿನೊಳಗೆ ಕಳಿಸಬೇಕು. ಗಂಭೀರವಾದ, ಮೊದಲೇ ಗೊತ್ತಿಲ್ಲದ ಪರಿಣಾಮವಾದರೆ ಸಾಮಾನ್ಯವಾಗಿ 15 ದಿನ. ಬೆಂಗಳೂರು, ಹೈದರಾಬಾದ್‌ಗಳಲ್ಲಿ ಫಾರ್ಮ್ ಡಿ ಮುಗಿಸಿದವರು ಸಾಲಾಗಿ ಸೇರೋದು ಇಲ್ಲಿಗೇ. ಎಸಿ ಆಫೀಸು, ಕ್ಯಾಬು, ಪ್ರಮೋಷನ್ನಿನ ಮೆಟ್ಟಿಲು ಎಲ್ಲ ಇದೆ. ದಿನಕ್ಕೆ ಇಷ್ಟು ಕೇಸು ಅಂತ ಟಾರ್ಗೆಟ್ಟೂ ಇದೆ. ಕೆಲವರು ಇದನ್ನು ಡೇಟಾ ಎಂಟ್ರಿ ಅಂತ ಮೂಗು ಮುರೀತಾರೆ. ನಾನು ಒಪ್ಪಲ್ಲ. ಥಾಲಿಡೊಮೈಡ್‌ನಂಥದ್ದು ಇನ್ನೊಮ್ಮೆ ಆಗಬಾರದು ಅಂದ್ರೆ ಯಾರಾದರೂ ಕೂತು ಆ ಸಾವಿರ ವರದಿಗಳನ್ನು ಓದಲೇಬೇಕು. ಆದರೆ ಅಲ್ಲಿ ಪ್ರಶ್ನೆ ಕೇಳುವ ಮನುಷ್ಯ ಇಲ್ಲ, ಮಾತ್ರೆ ಕೈಯಲ್ಲಿ ಹಿಡಿದು ಕಾಯುವ ಸಿಸ್ಟರ್ ಇಲ್ಲ. ನನ್ನ ತಂಗಿಗೆ ಬೇಕಾಗಿರೋದು ಅದೇ.

ಮಧ್ಯದ ದಾರಿಯೂ ಒಂದಿದೆ. ಔಷಧಿ ಕಂಪನಿಗಳಲ್ಲಿ ‘ಮೆಡಿಕಲ್ ಇನ್ಫರ್ಮೇಷನ್’ ವಿಭಾಗ ಇರುತ್ತೆ. ಡಾಕ್ಟರ್‌ಗಳು ಕೇಳೋ ಪ್ರಶ್ನೆಗೆ ಅಲ್ಲೂ ಉತ್ತರ ಕೊಡ್ತಾರೆ, ಸಂಬಳವೂ ಚೆನ್ನ. ಆದರೆ ಉತ್ತರ ಆ ಕಂಪನಿಯ ಔಷಧಿಗೆ ಸೀಮಿತ. ‘ಇದಕ್ಕಿಂತ ಪಕ್ಕದ ಕಂಪನಿಯ ಅಗ್ಗದ ಮಾತ್ರೆ ಸಾಕು’ ಅಂತ ಹೇಳುವ ಸ್ವಾತಂತ್ರ್ಯ ಅಲ್ಲಿ ಸಿಗೋದು ಕಷ್ಟ.

ಇಷ್ಟು ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನ ‘ಇದಕ್ಕೆಲ್ಲ ಈಗ ಎಐ ಇದೆಯಲ್ಲ’ ಅಂದುಕೊಂಡಿರ್ತೀರಿ. ನನ್ನ ಹೊಟ್ಟೆಪಾಡು ಆ ಕಡೆಯದೇ ಆದ್ದರಿಂದ ಸ್ವಲ್ಪ ಹೇಳಬಹುದು. ನ್ಯೂಯಾರ್ಕ್‌ನ ಲಾಂಗ್ ಐಲ್ಯಾಂಡ್ ವಿಶ್ವವಿದ್ಯಾಲಯದ ಫಾರ್ಮಸಿ ಕಾಲೇಜಿನವರು ತಮ್ಮ ಔಷಧ ಮಾಹಿತಿ ಸೇವೆಗೆ ಬಂದಿದ್ದ ನಿಜವಾದ 39 ಪ್ರಶ್ನೆಗಳನ್ನು ಚಾಟ್‌ಜಿಪಿಟಿಯ ಉಚಿತ ಆವೃತ್ತಿಗೆ ಹಾಕಿ ನೋಡಿ, 2023ರ ಡಿಸೆಂಬರ್‌ನಲ್ಲಿ ಫಲಿತಾಂಶ ಹೇಳಿದರು. ತೃಪ್ತಿಕರ ಅನಿಸಿದ್ದು 10 ಉತ್ತರ ಮಾತ್ರ. ಆಧಾರ ಕೊಡು ಅಂದಾಗ ಅದು ಇಲ್ಲದ ಪ್ರಬಂಧಗಳನ್ನು ಸೃಷ್ಟಿ ಮಾಡಿ ಕೊಟ್ಟಿತು. ಅದು ಹಳೆಯ ಆವೃತ್ತಿ, ಈಗಿನವು ಎಷ್ಟೋ ಮುಂದೆ ಹೋಗಿವೆ. ತಂಗಿಯೂ ಪ್ರಬಂಧಗಳನ್ನು ಜಾಲಾಡೋಕೆ ಬಳಸ್ತಾಳೆ. ಹುಡುಕುವ ಸಮಯ ಖಂಡಿತ ಕಡಿಮೆಯಾಗುತ್ತೆ.

ಆದರೆ ಆ ಪಿಜಿ ಡಾಕ್ಟರ್ ಮೆಟ್ರೋನಿಡಜೋಲ್ ಡೋಸ್ ಕೇಳಿದ್ದರೆ ಯಂತ್ರ ಡೋಸ್ ಹೇಳಿರೋದು, ಸರಿಯಾಗಿಯೇ ಹೇಳಿರೋದು. ವಾರ್ಫರಿನ್ ಇದೆ ಅಂತ ಯಾರೂ ಅದಕ್ಕೆ ಹೇಳಿಲ್ಲ. ದ್ರಾಕ್ಷಿ ಬಿಡಿಸಿದ ಮಗನ ಹತ್ತಿರ ಹೋಗಿ ‘ಮತ್ತೆ ಯಾವ ಹಣ್ಣು ತಿಂತಾರಪ್ಪ’ ಅಂತ ಕೇಳೋಕೆ ಕಾಲು ಬೇಕು. ಇದು ಇನ್ನು ಎಷ್ಟು ವರ್ಷ ಹೀಗೇ ಇರುತ್ತೆ ಅಂತ ನಾನು ಪಂದ್ಯ ಕಟ್ಟಲ್ಲ. ಈ ಹೊತ್ತಿಗೆ ಅವಳ ಕೆಲಸಕ್ಕೆ ಎಐಗಿಂತ ದೊಡ್ಡ ಶತ್ರು ಆಸ್ಪತ್ರೆಯ ಬಜೆಟ್.

ಫಾರ್ಮ್ ಡಿ ಓದ್ತಿರೋ ತಮ್ಮ ತಂಗಿಯರಿಗೆ ಅವಳ ಕಡೆಯಿಂದ ಒಂದೆರಡು ಮಾತು, ನಾನು ಬರೀ ಟೈಪಿಸ್ಟ್. ಇಂಟರ್‌ವ್ಯೂನಲ್ಲಿ ಸಂಬಳ ಕೇಳೋ ಮೊದಲು ಇದನ್ನು ಕೇಳಿ: ದಿನಕ್ಕೆ ಎಷ್ಟು ಪ್ರಶ್ನೆ ಬರುತ್ತೆ, ಕೇಳುವವರು ಯಾರು? ರಿಜಿಸ್ಟರ್ ತೋರಿಸ್ತೀರಾ? ವಾರ್ಡ್ ರೌಂಡ್ಸ್‌ಗೆ ನಮ್ಮನ್ನು ಕರೀತಾರಾ? ಯಾವ ಔಷಧಿ ಆಸ್ಪತ್ರೆಯಲ್ಲಿ ಇರಬೇಕು ಅಂತ ನಿರ್ಧರಿಸುವ ಫಾರ್ಮಸಿ ಸಮಿತಿಯಲ್ಲಿ ನಮ್ಮವರು ಇದ್ದಾರಾ? ಮೈಕ್ರೊಮೆಡೆಕ್ಸ್‌ನಂಥ ಡೇಟಾಬೇಸ್‌ಗೆ ಚಂದಾ ಕಟ್ಟಿದ್ದಾರಾ ಅಥವಾ ಹತ್ತು ವರ್ಷ ಹಳೆಯ ಪುಸ್ತಕ ಇದೆಯಾ? ಪ್ರಶ್ನೆಯೇ ಬಾರದ ಔಷಧ ಮಾಹಿತಿ ಕೇಂದ್ರಗಳೂ ಇವೆ, ಬಾಗಿಲಲ್ಲಿ ಬೋರ್ಡ್ ಮಾತ್ರ ಹೊಳೀತಿರುತ್ತೆ. ಅಂಥ ಕಡೆ ಸೇರಿದರೆ ಎರಡೇ ವರ್ಷಕ್ಕೆ ಕಲಿತದ್ದು ಮರೆಯುತ್ತೆ. ವಿದೇಶದ ಯೋಚನೆ ಇದ್ದವರಿಗೆ: ಅಮೆರಿಕದ ಫಾರ್ಮಸಿಸ್ಟ್ ಪರೀಕ್ಷೆಗೆ ಐದು ವರ್ಷದ ಕೋರ್ಸ್ ಬೇಕು, ನಾಲ್ಕು ವರ್ಷದ ಬಿ ಫಾರ್ಮ್ ಸಾಲದು, ಫಾರ್ಮ್ ಡಿ ಆಗುತ್ತೆ.

ಔಷಧಿ ತಗೊಳ್ಳುವ ಉಳಿದ ನಮಗೂ ಒಂದು ವಿಷಯ. ಮಾತ್ರೆಯಿಂದ ಮೈಮೇಲೆ ದದ್ದು ಬಂತು, ತಲೆ ಸುತ್ತು ಬಂತು ಅಂದ್ರೆ ನಾವು ಸುಮ್ಮನೆ ನಿಲ್ಲಿಸಿಬಿಡ್ತೀವಿ, ಅಲ್ಲಿಗೆ ಕಥೆ ಮುಗೀತು. ಭಾರತದಲ್ಲಿ ಇದನ್ನು ದಾಖಲಿಸೋಕೆ 2010ರಿಂದ ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ. 1800-180-3024 ಟೋಲ್ ಫ್ರೀ ಸಂಖ್ಯೆಗೆ ಕೆಲಸದ ದಿನಗಳಲ್ಲಿ ಯಾರು ಬೇಕಾದರೂ ಫೋನ್ ಮಾಡಿ ಹೇಳಬಹುದು. ಡಾಕ್ಟರೇ ಆಗಬೇಕಿಲ್ಲ.

ತಂಗಿ ಕಳೆದ ಸೋಮವಾರ ತನ್ನ ವಿಭಾಗದ ಮುಖ್ಯಸ್ಥರಿಗೆ ಒಂದು ಪುಟದ ಪತ್ರ ಕೊಟ್ಟಿದ್ದಾಳೆ. ಸಂಬಳದ ಜೊತೆಗೆ ಎರಡು ಬೇಡಿಕೆ: ದಿನಕ್ಕೆ ಒಂದು ಗಂಟೆ ಫಾಲೋಅಪ್‌ಗೆ ಅಂತಲೇ ವಾರ್ಡಿಗೆ ಹೋಗೋಕೆ ಬಿಡಬೇಕು, ಮತ್ತು ಹುದ್ದೆಯ ಹೆಸರು ಲೆಕ್ಚರರ್ ಅಲ್ಲ, ಔಷಧ ಮಾಹಿತಿ ಫಾರ್ಮಸಿಸ್ಟ್ ಅಂತ ಆಗಬೇಕು. ಫಾಲೋಅಪ್‌ಗೆ ಅಲ್ಲೇ ಒಪ್ಪಿದರು. ಹುದ್ದೆಯ ಹೆಸರು ಮ್ಯಾನೇಜ್‌ಮೆಂಟ್ ಮುಂದೆ ಹೋಗಿದೆ. ಸಂಬಳದ ಬಗ್ಗೆ ‘ನೋಡೋಣಮ್ಮ’ ಅಂದಿದ್ದಾರೆ. ಬೆಂಗಳೂರಿನ ಕಂಪನಿ ಇದೇ 30ರವರೆಗೆ ಟೈಮ್ ಕೊಟ್ಟಿದೆ. ನಿನ್ನೆ ರಾತ್ರಿ ಫೋನ್ ಮಾಡಿ ನಿರ್ಧಾರ ಏನಾಯ್ತು ಅಂತ ಕೇಳಿದೆ. ‘ಇರು, ಮಧ್ಯಾಹ್ನ ಒಂದು ಉತ್ತರ ಕೊಟ್ಟಿದ್ದೆ, ಐಎನ್‌ಆರ್ ರಿಪೋರ್ಟ್ ಈಗ ಬಂದಿದೆಯಂತೆ, ನೋಡ್ಕೊಂಡು ಬರ್ತೀನಿ’ ಅಂತ ಇಟ್ಟಳು.